ಮುಲುಂಡಿಗೆ ಸೋಮವಾರ, ಥಾಣೆಗೆ ಶುಕ್ರವಾರ

ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಟಿಟ್ವಾಳಾದ ಬಿಲ್ಡಿಂಗಿಗೆ ಈದ್ ಮಿಲಾದ್ ರಜೆ ಎರಡು ಸಲ ಬಂತು. ಎರಡನೇ ಮಾಳಿಗೆಯಲ್ಲಿರುವ ಗುಮಾಸ್ತರು ಕಲ್ಯಾಣದ ಸರಕಾರಿ ಕಚೇರಿಗೆ ಹೋಗುವವರು. ಅವರಿಗೆ ಸೆಪ್ಟೆಂಬರ್ 5, ಶುಕ್ರವಾರ ರಜೆ. ನಾಲ್ಕನೇ ಮಾಳಿಗೆಯಾಕೆ ಕೂಡ ರಾಜ್ಯ ಸರಕಾರದ ನೌಕರಳೇ. ಆದರೆ ಕಚೇರಿ ಮುಂಬಯಿ ಫೋರ್ಟ್‌ನಲ್ಲಿ. ಆಕೆಗೆ 8ನೇ ತಾರೀಕು, ಸೋಮವಾರ. ಒಂದೇ ಸರಕಾರ, ಒಂದೇ ಹಬ್ಬ, ಒಂದೇ ಲಿಫ್ಟು. ಕಾರಣ ಸರಳವಾಗಿತ್ತು. 6ರಂದು ಅನಂತ ಚತುರ್ದಶಿ, ಗಣಪತಿ ವಿಸರ್ಜನೆಯ ಗದ್ದಲ. ಮುಸ್ಲಿಂ ಸಮಾಜದವರು ತಮ್ಮ ಮೆರವಣಿಗೆಯನ್ನು 8ಕ್ಕೆ ಇಟ್ಟುಕೊಂಡರು. ಸರಕಾರ ರಜೆಯನ್ನೂ 8ಕ್ಕೆ ಸರಿಸಿತು. ಆದರೆ ಮುಂಬಯಿ ನಗರ ಮತ್ತು ಮುಂಬಯಿ ಉಪನಗರ, ಈ ಎರಡು ಜಿಲ್ಲೆಗಳಿಗೆ ಮಾತ್ರ. ಉಳಿದ ಮಹಾರಾಷ್ಟ್ರಕ್ಕೆ 5ನೇ ತಾರೀಕೇ ಉಳಿಯಿತು.

ಉಪನಗರ ಜಿಲ್ಲೆ ಮುಲುಂಡಿಗೆ ಮುಗಿಯುತ್ತದೆ. ಮುಂದಿನ ಸ್ಟೇಷನ್ ಥಾಣೆ, ಬೇರೆ ಜಿಲ್ಲೆ. ಲೋಕಲ್‌ನಲ್ಲಿ ನಿಂತವನಿಗೆ ಆ ಗಡಿ ಕಾಣುವುದೂ ಇಲ್ಲ, ಇಳಿಯುವವರ ನೂಕಾಟದಲ್ಲಿ ದಾಟಿಹೋಗುತ್ತದೆ. ಆದರೆ ರಜೆಯ ಲೆಕ್ಕದಲ್ಲಿ ಅದು ಗಟ್ಟಿ ಗೋಡೆ. ಅದೇ ವರ್ಷ ನಾರಳಿ ಹುಣ್ಣಿಮೆಗೂ ಜ್ಯೇಷ್ಠ ಗೌರಿ ವಿಸರ್ಜನೆಗೂ ಮುಂಬಯಿಯ ಆ ಎರಡು ಜಿಲ್ಲೆಗಳ ಸರಕಾರಿ ಕಚೇರಿಗಳಿಗೆ ಸ್ಥಳೀಯ ರಜೆ ಘೋಷಣೆಯಾಗಿತ್ತು. ಆ ಆದೇಶ ನಮ್ಮ ಥಾಣೆ ಜಿಲ್ಲೆಗೆ ಲಾಗೂ ಆಗುವುದಿಲ್ಲ. ಸ್ಥಳೀಯ ರಜೆಯನ್ನು ಇಲ್ಲಿ ನಮ್ಮ ಜಿಲ್ಲಾಧಿಕಾರಿಯೇ ಕೊಡಬೇಕು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕರ್ನಾಟಕದಲ್ಲಿ ಕೆಲವು ವರ್ಷ, ಮಹಾರಾಷ್ಟ್ರದಲ್ಲಿ ಉಳಿದದ್ದು. ಹಾಗಾಗಿ ರಜಾ ಪಟ್ಟಿ ಎಂದರೆ ನನಗೆ ಹಬ್ಬದ ನೆನಪಿಗಿಂತ ಮೊದಲು 1881ನೇ ಇಸವಿಯ ಒಂದು ಕಾನೂನಿನ ನೆನಪು. ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್. ಚೆಕ್ಕು, ಹುಂಡಿ, ಪ್ರಾಮಿಸರಿ ನೋಟುಗಳ ಕಾಯ್ದೆ. ಅದರ 25ನೇ ಕಲಮು ಹೇಳುವುದು ಹಣದ ಮಾತು: ಹುಂಡಿಯ ವಾಯಿದೆ ಸಾರ್ವಜನಿಕ ರಜೆಯ ದಿನ ಬಿದ್ದರೆ ಅದರ ಹಿಂದಿನ ಕೆಲಸದ ದಿನವೇ ಹಣ ಸಲ್ಲಬೇಕು. ಹಾಗಾದರೆ ಸಾರ್ವಜನಿಕ ರಜೆ ಎಂದರೆ ಯಾವುದು? ಭಾನುವಾರ, ಮತ್ತು ಸರಕಾರ ಗೆಜೆಟ್ಟಿನಲ್ಲಿ ಸಾರಿದ ದಿನ. ಆ ಸಾರುವ ಅಧಿಕಾರವನ್ನು ಕೇಂದ್ರವು ರಾಜ್ಯಗಳಿಗೆ ಬಿಟ್ಟುಕೊಟ್ಟಿದೆ. ಗಣಪತಿಗೂ ಬಸವಣ್ಣನಿಗೂ ಪಾರ್ಸಿಗಳ ಹೊಸ ವರ್ಷಕ್ಕೂ ಬ್ಯಾಂಕು ಮುಚ್ಚುವುದು ಈ ಸಾಲಗಾರರ ಕಲಮಿನ ಕೆಳಗೇ. ಇಡೀ ದೇಶಕ್ಕೆ ತಪ್ಪದೆ ಒಂದೇ ಆಗಿರುವ ರಾಷ್ಟ್ರೀಯ ರಜೆಗಳು ಮೂರೇ ಮೂರು: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಉಳಿದದ್ದೆಲ್ಲ ಆಯಾ ರಾಜ್ಯದ, ಕೆಲವೊಮ್ಮೆ ಆಯಾ ಜಿಲ್ಲೆಯ ಮರ್ಜಿ. ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಂತೂ ಮಹಾರಾಷ್ಟ್ರಕ್ಕೇ ಮುಂಬಯಿ, ಬೇಲಾಪುರ, ನಾಗಪುರ ಎಂದು ಮೂರು ಸಾಲು. ನವಿ ಮುಂಬಯಿಯವರು ಮುಂಬಯಿಯ ಸಾಲು ನೋಡಿ ಬ್ಯಾಂಕಿಗೆ ಹೊರಡಬಾರದು.

ಈಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ಫೋನಿನಲ್ಲೇ ಹಣ ಹೋಗುತ್ತದೆ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲೂ ರಾತ್ರಿ, ರಜೆ ಇಲ್ಲದೆ ನಡೆಯುತ್ತಿವೆ. ಅದಕ್ಕೆ ಮುಂಚೆ ಹೀಗಿರಲಿಲ್ಲ. ಊರಿನಲ್ಲಿ ರಜೆ, ಇಲ್ಲಿ ಕೆಲಸ. ಮಾರನೇ ದಿನ ಇಲ್ಲಿ ರಜೆ, ಅಲ್ಲಿ ಕೆಲಸ. ಅದರ ಮಾರನೇ ದಿನ ಭಾನುವಾರ. ಹೀಗೆ ಮೂರು ದಿನ ಸಾಲಾಗಿ ಬಂದರೆ ಚೆಕ್ಕು ನಡುದಾರಿಯಲ್ಲಿ ಕೂತುಬಿಡುತ್ತಿತ್ತು. ಮಗಳ ಮದುವೆಯ ಛತ್ರಕ್ಕೆ ಹಣ ಕಟ್ಟಬೇಕಾದವರು, ಆಸ್ಪತ್ರೆಯಲ್ಲಿ ಅಪ್ಪನನ್ನು ಮಲಗಿಸಿದವರು ಕೌಂಟರಿನ ಆಚೆ ನಿಂತು “ನಾಳೆ ಊರಲ್ಲಿ ಯಾಕೆ ರಜೆ?” ಎಂದು ಕೇಳುತ್ತಿದ್ದರು. ಬಸವ ಜಯಂತಿ ಎಂದರೆ ಮರಾಠಿ ಗಿರಾಕಿ ಮಿಕಮಿಕ ನೋಡುತ್ತಿದ್ದ. ಕರ್ನಾಟಕದ ಶಾಖೆಯಲ್ಲಿದ್ದಾಗ ಇದೇ ಪ್ರಶ್ನೆ ತಿರುಗಿ ಬರುತ್ತಿತ್ತು: ಫೆಬ್ರವರಿ 19ಕ್ಕೆ ಮುಂಬಯಿ ಬ್ಯಾಂಕು ಯಾಕೆ ಮುಚ್ಚಿದೆ? ಶಿವಾಜಿ ಜಯಂತಿ ಕಣ್ರೀ.

ನಮ್ಮ ಗೋಡೆಯ ಮೇಲೆ ಎರಡು ಕ್ಯಾಲೆಂಡರುಗಳಿವೆ. ಮುಂಬಯಿ ಕಡೆಯ ಬಹಳಷ್ಟು ಕನ್ನಡಿಗರ ಮನೆಯಲ್ಲೂ ಇರುತ್ತವೆ. ಒಂದು ಕಾಲನಿರ್ಣಯ. ಇನ್ನೊಂದು ಊರಿನಿಂದ ಯಾರೋ ಸುತ್ತಿ ತಂದು ಕೊಟ್ಟದ್ದು. ತಿಥಿ, ನಕ್ಷತ್ರಗಳಲ್ಲಿ ದೊಡ್ಡ ಜಗಳವಿಲ್ಲ. ಅಮಾವಾಸ್ಯೆಗೆ ತಿಂಗಳು ಮುಗಿಸುವ ಪದ್ಧತಿ ಮರಾಠಿಗರಿಗೂ ನಮಗೂ ಒಂದೇ; ಯುಗಾದಿಯೂ ಗುಡಿ ಪಾಡ್ವವೂ ಒಂದೇ ದಿನ, ಎರಡೂ ಕಡೆ ರಜೆ. ಜಗಳ ಇರುವುದು ಕೆಂಪು ಅಂಕಿಗಳಲ್ಲಿ.

2025ರ ದೀಪಾವಳಿಯನ್ನೇ ನೋಡಿ. ಕರ್ನಾಟಕಕ್ಕೆ ಅಕ್ಟೋಬರ್ 20, ಸೋಮವಾರ ನರಕ ಚತುರ್ದಶಿ ರಜೆ. 22, ಬುಧವಾರ ಬಲಿಪಾಡ್ಯಮಿ ರಜೆ. ನಡುವಿನ ಮಂಗಳವಾರ ಅಮಾವಾಸ್ಯೆ, ಕಚೇರಿ ತೆರೆದಿತ್ತು. ಮಹಾರಾಷ್ಟ್ರಕ್ಕೆ ಸೋಮವಾರ ಕೆಲಸ. ಮಂಗಳವಾರ ಲಕ್ಷ್ಮೀಪೂಜೆ, ಬುಧವಾರ ಬಲಿಪ್ರತಿಪದೆ. ಕೇಂದ್ರ ಸರಕಾರದ ಪಟ್ಟಿಯಲ್ಲಿ ದೀಪಾವಳಿ ಎಂದರೆ ಸೋಮವಾರ ಮಾತ್ರ. ಶೇರುಪೇಟೆಯ ಮುಹೂರ್ತದ ವಹಿವಾಟು ಮಂಗಳವಾರ ಮಧ್ಯಾಹ್ನ. ನನ್ನ ಮಗ ಬೆಂಗಳೂರಿನ ಕಂಪನಿಗೆ ಟಿಟ್ವಾಳಾದ ಮನೆಯಿಂದಲೇ ಕೆಲಸ ಮಾಡುತ್ತಾನೆ, ಅವನಿಗೆ ಕರ್ನಾಟಕದ ಪಟ್ಟಿ. ಸೊಸೆಗೆ ಡೊಂಬಿವಲಿಯ ಖಾಸಗಿ ಕಚೇರಿ, ಮಹಾರಾಷ್ಟ್ರದ ಪಟ್ಟಿ. ಸೋಮವಾರ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಅಭ್ಯಂಗ ಮುಗಿಸಿ ಅವಳು ಒದ್ದೆ ಕೂದಲಲ್ಲೇ ಲೋಕಲ್‌ಗೆ ಓಡಿದಳು. ಅವನು ಚಕ್ಕುಲಿ ಮೆಲ್ಲುತ್ತ ಕೂತಿದ್ದ. ಮಂಗಳವಾರ ಅವಳು ಮನೆಯಲ್ಲಿ ಲಕ್ಷ್ಮೀಪೂಜೆಗೆ ಅಣಿ ಮಾಡಿದರೆ, ಅವನು ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ. ಇಬ್ಬರೂ ಸೇರಿ ಮನೆಯಲ್ಲಿದ್ದದ್ದು ಬುಧವಾರ ಒಂದೇ. ಅದರಲ್ಲಿ ಊರಿಗೆ ಹೋಗಿ ಬರುವುದು ಹೇಗೆ? ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಕುಂದಾಪುರ ತಲುಪಲು ಒಂದು ರಾತ್ರಿ ಬೇಕು, ತಿರುಗಿ ಬರಲು ಇನ್ನೊಂದು.

ಊರಿನಲ್ಲಿ ನನ್ನ ಅಮ್ಮ ಇದ್ದಾಳೆ. ಎಂಬತ್ತಾರು ವರ್ಷ. ಅವಳಿಗೆ ಈ ಪಟ್ಟಿಗಳ ವಿಷಯ ವಿವರಿಸಿ ಪ್ರಯೋಜನವಿಲ್ಲ. “ಹಬ್ಬಕ್ಕೆ ರಜೆ ಇಲ್ದಿದ್ ಊರ್ ಎಂತ ಊರ್ ಮಾರಾಯಾ?” ಎಂದು ಫೋನಿನಲ್ಲಿ ಕೇಳುತ್ತಾಳೆ. ರಜೆ ಉಂಟಮ್ಮ, ಆದರೆ ನಿನ್ನ ರಜೆಯ ದಿನ ಅಲ್ಲ, ಎನ್ನಬೇಕಾಗುತ್ತದೆ.

ದೊಡ್ಡವರದ್ದು ಹೇಗೋ ಸಾಗುತ್ತದೆ. ಮಕ್ಕಳದ್ದು ನನಗೆ ನಿಜಕ್ಕೂ ಹೊಟ್ಟೆ ಉರಿಸುವ ವಿಷಯ. ಕರ್ನಾಟಕದ ಶಾಲೆಗಳಿಗೆ ನಡುವರ್ಷದ ದೊಡ್ಡ ರಜೆ ದಸರೆಗೆ. ಮಹಾರಾಷ್ಟ್ರದ ಶಾಲೆಗಳಿಗೆ ಅದೇ ರಜೆ ದೀಪಾವಳಿಗೆ. ಇದರ ಹಿಂದೆ ಅರ್ಥವಿದೆ. ಅಲ್ಲಿ ದಸರೆ ನಾಡಹಬ್ಬ, ಮೈಸೂರಿನ ಅರಮನೆಯ ಕಾಲದಿಂದ ಬಂದ ಠೀವಿ. ಆಯುಧಪೂಜೆ ಮತ್ತು ವಿಜಯದಶಮಿ ಎರಡಕ್ಕೂ ರಜೆ. ಇಲ್ಲಿ ದಸರೆಗೆ ಒಂದು ದಿನ, ಬಂಗಾರ ಎಂದು ಆಪಟೆಯ ಎಲೆ ಹಂಚಿ ಮುಗಿಯುತ್ತದೆ. ಮಹಾರಾಷ್ಟ್ರದ ಮನಸ್ಸು ಇರುವುದು ಗಣಪತಿಯಲ್ಲಿ ಮತ್ತು ದಿವಾಳಿಯಲ್ಲಿ. ಪರಿಣಾಮ ಏನೆಂದರೆ, ನನ್ನ ತಂಗಿಯ ಮೊಮ್ಮಕ್ಕಳು ಉಡುಪಿಯಿಂದ ಅಜ್ಜಿ ಮನೆಗೆ ಬಂದಾಗ ನನ್ನ ಮೊಮ್ಮಗಳು ಇಲ್ಲಿ ಶಾಲೆಯಲ್ಲಿ. ಇವಳು ಹೋದಾಗ ಅವರು ಅಲ್ಲಿ ಶಾಲೆಯಲ್ಲಿ. 2025ರಲ್ಲಿ ಒಂದು ಆಸೆ ಹುಟ್ಟಿತ್ತು. ಕರ್ನಾಟಕದ ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ಇತ್ತು. ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕಾದ್ದರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅದನ್ನು ಅಕ್ಟೋಬರ್ 18ರವರೆಗೆ ಎಳೆದರು. ಇನ್ನೆರಡು ದಿನ ಎಳೆದಿದ್ದರೆ! ಅವರ ರಜೆ ಮುಗಿಯುವುದಕ್ಕೂ ನಮ್ಮ ಕಡೆಯ ದಿವಾಳಿ ರಜೆ ಹಿಡಿಯುವುದಕ್ಕೂ ಸರಿಹೋಯಿತು. ಒಂದು ಬಾಗಿಲಿನಿಂದ ಅವರು ಹೊರಗೆ, ಇನ್ನೊಂದರಿಂದ ಇವಳು ಒಳಗೆ.

ಬೇಸಿಗೆಯೂ ಹಾಗೆಯೇ. ಅಲ್ಲಿ ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚಿ ಮೇ ಕೊನೆಗೆ ತೆರೆಯುತ್ತದೆ. ಇಲ್ಲಿ ಮೇ ಹೊತ್ತಿಗೆ ಮುಚ್ಚಿ ಜೂನ್ ನಡುವಿಗೆ. ಇಬ್ಬರಿಗೂ ಕೂಡಿ ಸಿಗುವುದು ಮೇ ತಿಂಗಳು, ಹಲಸಿನ ಹಣ್ಣಿನ ಪುಣ್ಯ. ಆ ನಾಲ್ಕು ವಾರಕ್ಕೆ ಕೊಂಕಣ ರೈಲಿನಲ್ಲಿ ಟಿಕೆಟ್ ಹಿಡಿಯಲು ನಮ್ಮ ಬಿಲ್ಡಿಂಗಿನ ಹುಡುಗರು ಎರಡು ತಿಂಗಳು ಮೊದಲೇ ಬೆಳಿಗ್ಗೆ ಎಂಟಕ್ಕೆ ಫೋನು ಹಿಡಿದು ಕೂರುತ್ತಾರೆ.

ಮೇ 1ರ ಮಾತು ಬೇರೆ. ಅದೊಂದು ದಿನ ಎರಡೂ ರಾಜ್ಯಕ್ಕೆ ರಜೆ, ಹೆಸರು ಮಾತ್ರ ಬೇರೆ. ಅಲ್ಲಿ ಕಾರ್ಮಿಕರ ದಿನ. ಇಲ್ಲಿ ಕಾರ್ಮಿಕರ ದಿನದ ಜೊತೆಗೆ ಮಹಾರಾಷ್ಟ್ರ ದಿನ, 1960ರ ಮೇ 1ರಂದು ದ್ವಿಭಾಷಾ ಮುಂಬಯಿ ರಾಜ್ಯ ಒಡೆದು ಮಹಾರಾಷ್ಟ್ರ, ಗುಜರಾತ್ ಆದ ದಿನ. ಕರಾವಳಿಯವರಿಗೆ ಇಂಥದ್ದೇ ಇನ್ನೊಂದು ಅನುಕೂಲ ಏಪ್ರಿಲ್ 14. ಬಿಸುವಿಗೆಂದು ಯಾವ ರಾಜ್ಯವೂ ನಮಗೆ ರಜೆ ಕೊಟ್ಟದ್ದಲ್ಲ. ಬಾಬಾಸಾಹೇಬರ ಜಯಂತಿಗೆ ಎರಡೂ ಕಡೆ ರಜೆ ಇರುವುದರಿಂದ, ಬಿಸು 14ಕ್ಕೆ ಬಂದ ವರ್ಷ ಕಣಿ ಇಟ್ಟು ಪಾಯಸ ಉಣ್ಣಲು ಪುರುಸೊತ್ತು ಸಿಗುತ್ತದೆ. 15ಕ್ಕೆ ಬಂದರೆ ಇಲ್ಲ.

ಇನ್ನು ನವೆಂಬರ್ 1. 1956ರಲ್ಲಿ ನಾಡು ಒಂದಾದ ದಿನ, 1973ರಲ್ಲಿ ಕರ್ನಾಟಕ ಎಂಬ ಹೆಸರು ಪಡೆದ ದಿನ. ಕರ್ನಾಟಕದಲ್ಲಿ ಅದಕ್ಕೆ ಗೆಜೆಟ್ಟಿನ ಮಾತ್ರವಲ್ಲ, ಕಾರ್ಖಾನೆ ಕಾನೂನಿನ ಬಲವೂ ಇದೆ: ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ಕಾಯ್ದೆಯ ಪ್ರಕಾರ ಕೈಗಾರಿಕೆಗಳು ಸಂಬಳ ಸಹಿತ ಕೊಡಲೇಬೇಕಾದ ದಿನಗಳಲ್ಲಿ ಅದೂ ಒಂದು. ಮುಲುಂಡಿನ ಈಚೆ ಆಚೆ ಎಲ್ಲೂ ಅದಕ್ಕೆ ಬೆಲೆ ಇಲ್ಲ. ಇರಬೇಕೆಂದು ಕೇಳುವುದೂ ಸರಿಯಲ್ಲ. ಹಾಗಾಗಿ ಇಲ್ಲಿಯ ಸಂಘಗಳ ರಾಜ್ಯೋತ್ಸವ ತಾರೀಕು ನೋಡಿ ಬರುವುದಿಲ್ಲ, ಹಾಲ್ ಖಾಲಿ ಇರುವ ಭಾನುವಾರ ನೋಡಿ ಬರುತ್ತದೆ. ನವೆಂಬರ್ ಎರಡನೇ ವಾರ, ಮೂರನೇ ವಾರ; ಡಿಸೆಂಬರ್‌ಗೆ ಹೋದರೂ ಯಾರೂ ಹುಬ್ಬೇರಿಸುವುದಿಲ್ಲ. ಊರಿನವರು ಇದನ್ನು ನೋಡಿ ನಗುತ್ತಾರೆ. ನಾನು ನಗುವುದಿಲ್ಲ. ರಜೆ ಕೊಟ್ಟ ದಿನ ಹಬ್ಬ ಮಾಡುವುದು ಸುಲಭ. ವಾರವಿಡೀ ಲೋಕಲ್‌ನಲ್ಲಿ ಜೋತಾಡಿ, ಸಿಕ್ಕ ಒಂದೇ ಭಾನುವಾರವನ್ನು ಭುವನೇಶ್ವರಿಗೆ ಕೊಡುವವರ ಲೆಕ್ಕವೇ ಬೇರೆ.

ಹೊರನಾಡು ಅನ್ನಿಸಿಕೊಳ್ಳದ ಜಾಗಗಳಲ್ಲೂ ಇದೇ ಕಥೆ. ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳಿಗೆ ನವೆಂಬರ್ 1 ಎಲ್ಲ ದಿನಗಳಂತೆ ಒಂದು ದಿನ. ಕಾಸರಗೋಡು 1956ರಲ್ಲಿ ಅದೇ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡಿಗರಿಗೆ ಓಣಂಗೆ ಸಾಲು ರಜೆ. ಆದರೆ ಕೇರಳಕ್ಕೆಲ್ಲ ಇಲ್ಲದ ಗಣೇಶ ಚತುರ್ಥಿಯ ರಜೆ ಕಾಸರಗೋಡು ಜಿಲ್ಲೆಗೆ ಸ್ಥಳೀಯವಾಗಿ ಸಿಗುತ್ತದೆ. ಯಾರೋ ಒಬ್ಬ ಅಧಿಕಾರಿ ಜನರನ್ನು ನೋಡಿ ಪಟ್ಟಿ ತಿದ್ದಿದ್ದಾನೆ ಎಂದೇ ನಾನು ತಿಳಿಯುತ್ತೇನೆ. ಕರ್ನಾಟಕವೂ ಕೊಡಗಿಗೆ ಹಾಗೆ ಮಾಡುತ್ತದೆ: ಕೈಲ್‌ಪೊಳ್ದ್, ತುಲಾ ಸಂಕ್ರಮಣ, ಹುತ್ತರಿಗೆ ಆ ಜಿಲ್ಲೆಗಷ್ಟೇ ರಜೆ.

ಗಣೇಶ ಚತುರ್ಥಿಯೇ ಎರಡು ದಿನ ಬಂದರೆ? 2023ರಲ್ಲಿ ಬಂತು. ಕರ್ನಾಟಕದ ಪಟ್ಟಿಯಲ್ಲಿ ಸೆಪ್ಟೆಂಬರ್ 18, ಮಹಾರಾಷ್ಟ್ರದಲ್ಲಿ 19. ನಮ್ಮ ಕರಾವಳಿಯ ದೇವಸ್ಥಾನಗಳೂ ಮನೆಗಳೂ 19ನ್ನೇ ಹಿಡಿದವು; ದಕ್ಷಿಣ ಕನ್ನಡ, ಉಡುಪಿಯಲ್ಲಿ ರಜೆಯನ್ನು 19ಕ್ಕೆ ಸರಿಸಬೇಕಾಯಿತು. ಆ ವರ್ಷ ಚೌತಿಯ ಮಟ್ಟಿಗೆ ಟಿಟ್ವಾಳಾ ಮತ್ತು ಕುಂದಾಪುರ ಒಂದು ಕಡೆ, ಬೆಂಗಳೂರು ಇನ್ನೊಂದು ಕಡೆ.

ಅಷ್ಟಮಿಗೆ ಆ ದೋಸ್ತಿಯೂ ಇಲ್ಲ. 2025ರಲ್ಲಿ ಇಲ್ಲಿ ದಹಿ ಹಂಡಿ ಒಡೆದದ್ದು ಆಗಸ್ಟ್ 16ಕ್ಕೆ. ಉಡುಪಿ ಮಠದವರು ಸೌರಮಾನದ ಸಿಂಹ ಮಾಸ ನೋಡುವವರು. ಅಲ್ಲಿ ವಿಟ್ಲಪಿಂಡಿ ಸೆಪ್ಟೆಂಬರ್ 15ಕ್ಕೆ. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಕೃಷ್ಣ ಹುಟ್ಟುತ್ತಾನೆ, ಉಂಡೆ ಚಕ್ಕುಲಿ ಎರಡು ಸಲ ಆಗುತ್ತದೆ. ಇದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಮಹಾಲಯ ಅಮಾವಾಸ್ಯೆಯ ವಿಷಯದಲ್ಲಿ. ಕರ್ನಾಟಕದಲ್ಲಿ ಅದು ಸಾರ್ವತ್ರಿಕ ರಜೆ. ಮಹಾರಾಷ್ಟ್ರದಲ್ಲಿ ಸರ್ವಪಿತ್ರಿ ಅಮಾವಾಸ್ಯೆ ಎಂದು ಎಲ್ಲರೂ ಆಚರಿಸುತ್ತಾರೆ, ಆದರೆ ರಜೆ ಇಲ್ಲ. ಹಬ್ಬವನ್ನು ಭಾನುವಾರಕ್ಕೆ ಮುಂದೂಡಬಹುದು, ಪಿತೃಗಳನ್ನು ಮುಂದೂಡಲಾಗುವುದಿಲ್ಲ. ಬ್ಯಾಂಕಿನಲ್ಲಿದ್ದಷ್ಟು ಕಾಲ ಅಪ್ಪನಿಗೆ ಎಳ್ಳುನೀರು ಬಿಡಲು ನಾನು ಸಿಎಲ್ ಹಾಕಿದೆ, ಅದೂ ಅರ್ಧವಾರ್ಷಿಕ ಲೆಕ್ಕ ಮುಗಿಸುವ ಸೆಪ್ಟೆಂಬರ್ ಕೊನೆಯಲ್ಲಿ. ಒಬ್ಬ ಮ್ಯಾನೇಜರು “ಸತ್ತವರಿಗೆ ಪ್ರತಿ ವರ್ಷವೂ ರಜೆ ಬೇಕೇ?” ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಈಚೆಗೆ ಮಾತ್ರ ದೈವ ಒಲಿದಿದೆ. 2023ರಲ್ಲಿ ಮಹಾಲಯ ಬಂದದ್ದು ಅಕ್ಟೋಬರ್ 14, ಎರಡನೇ ಶನಿವಾರ. 2024ರಲ್ಲಿ ಗಾಂಧಿ ಜಯಂತಿಯ ದಿನವೇ. 2025ರಲ್ಲಿ ಸೆಪ್ಟೆಂಬರ್ 21, ಭಾನುವಾರ. ನಾನು ನಿವೃತ್ತನಾದ ಮೇಲೆ ಇಷ್ಟೆಲ್ಲ ಅನುಕೂಲ.

ಕೇಂದ್ರ ಸರಕಾರದವರದ್ದು ಇನ್ನೊಂದು ಗಣಿತ. ದೆಹಲಿಯ ಹೊರಗಿನ ಅವರ ಕಚೇರಿಗಳಿಗೆ 14 ರಜೆ ಕಡ್ಡಾಯ. ಜೊತೆಗೆ 12 ಹೆಸರುಗಳ ಪಟ್ಟಿಯಿಂದ ಮೂರನ್ನು ಆಯಾ ರಾಜಧಾನಿಯ ನೌಕರರ ಸಮನ್ವಯ ಸಮಿತಿ ಆರಿಸುತ್ತದೆ. ಆ ಪಟ್ಟಿಯ ಕೊನೆಯ ಅಂಕೆಯಲ್ಲಿ ಯುಗಾದಿ, ಗುಡಿ ಪಾಡ್ವ, ವಿಷು, ವೈಶಾಖಿ, ಚೇಟಿ ಚಂಡ್, ಛಠ್ ಪೂಜೆ, ಕರ್ವಾ ಚೌತ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ. ಅರ್ಧ ದೇಶದ ಹೊಸ ವರ್ಷ ಒಂದು ಕ್ರಮಸಂಖ್ಯೆಯಲ್ಲಿ!

ಯಾರ ಪಟ್ಟಿ ದೊಡ್ಡದು ಎಂದು ಜಗಳ ಕಾಯುವವರಿಗೆ ಒಂದು ಮಾತು. ಮಹಾರಾಷ್ಟ್ರದ ಪಟ್ಟಿಯಲ್ಲಿ 24 ಹೆಸರು ಎಂದು ಕರ್ನಾಟಕದವರು ಕಣ್ಣರಳಿಸುತ್ತಾರೆ. ಇಲ್ಲಿ ಭಾನುವಾರ ಬಿದ್ದ ಹಬ್ಬವನ್ನೂ ಎಣಿಸುತ್ತಾರೆ. ಕರ್ನಾಟಕದವರು ಅದನ್ನು ಪಟ್ಟಿಯಿಂದ ಬಿಟ್ಟು ಕೆಳಗೆ ಟಿಪ್ಪಣಿ ಬರೆಯುತ್ತಾರೆ. ಎರಡನ್ನೂ ಪಕ್ಕ ಇಟ್ಟು ಸಂಖ್ಯೆ ಹೋಲಿಸುವುದು ವ್ಯರ್ಥ.

ಮತ್ತು ಈ ಇಡೀ ಚರ್ಚೆ ಸಂಬಳದ ಕಚೇರಿಯವರದ್ದು. ಡೊಂಬಿವಲಿ, ಕಲ್ಯಾಣದ ನಮ್ಮ ಹೋಟೆಲುಗಳಲ್ಲಿ ದುಡಿಯುವವರನ್ನು ಕೇಳಿ, ಕೆಂಪು ಅಂಕಿ ಎಂದರೆ ಅವರಿಗೆ ಗಿರಾಕಿ ಹೆಚ್ಚು ಬರುವ ದಿನ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆ ಅವರಿಗೆ ವರ್ಷಕ್ಕೆ ಎಂಟು ಸಂಬಳ ಸಹಿತ ಹಬ್ಬದ ರಜೆ ಕೊಡುತ್ತದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಮತ್ತು ಮಾಲೀಕರೂ ಕೆಲಸಗಾರರೂ ಮಾತಾಡಿ ಒಪ್ಪಿದ ನಾಲ್ಕು. ಆ ನಾಲ್ಕರ ಮಾತು ಓದಿದಾಗ ನನಗೆ ಖುಷಿಯಾಯಿತು. ಮಾಲೀಕನೂ ಕುಂದಾಪುರದವನು, ಸಪ್ಲೈಯರೂ ಕುಂದಾಪುರದವನು ಆಗಿರುವ ಹೋಟೆಲಿನಲ್ಲಿ ಆ ನಾಲ್ಕರಲ್ಲಿ ಒಂದು ಮಹಾಲಯವೋ ನವೆಂಬರ್ ಒಂದೋ ಆಗಲು ಯಾವ ಸರಕಾರದ ಅಪ್ಪಣೆಯೂ ಬೇಡ. ಹಾಗೆ ಬರೆದುಕೊಟ್ಟ ಹೋಟೆಲು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಬಿದ್ದರೆ ಅಲ್ಲಿಯೇ ದಿನಾ ಕಾಫಿ ಕುಡಿಯುತ್ತೇನೆ.

ರಜೆ ಹಕ್ಕೇ? ಇದನ್ನು ನ್ಯಾಯಾಲಯಕ್ಕೆ ಒಯ್ದವರಿದ್ದಾರೆ. ದಾದ್ರಾ ಮತ್ತು ನಗರ ಹವೇಲಿಯಲ್ಲಿ ಆಗಸ್ಟ್ 2, 1954ರ ವಿಮೋಚನೆಯ ದಿನ, ರಜೆಯಾಗಿತ್ತು. ಅದನ್ನು ಕೈಬಿಟ್ಟರೆಂದು ಮುಂಬಯಿ ಹೈಕೋರ್ಟಿಗೆ ಅರ್ಜಿ ಹೋಯಿತು. 2022ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಸಾರ್ವಜನಿಕ ರಜೆ ಯಾರ ಕಾನೂನುಬದ್ಧ ಹಕ್ಕೂ ಅಲ್ಲ, ಅದು ಸರಕಾರದ ನೀತಿಯ ವಿಷಯ ಎಂದಿತು ಪೀಠ. ರಜೆಗಳು ಈಗಲೇ ಹೆಚ್ಚಾಗಿವೆ ಎಂಬ ಧಾಟಿಯ ಮಾತನ್ನೂ ಸೇರಿಸಿತು. ಕಾನೂನಿನಲ್ಲಿ ಅದು ಸರಿಯೇ ಇರಬಹುದು. ಆದರೆ ತಮ್ಮ ನೆಲ ಬಿಡುಗಡೆಯಾದ ದಿನ ಎಲ್ಲ ದಿನದಂತೆ ಕಚೇರಿಗೆ ಹೋಗಬೇಕಾದವರ ಸಂಕಟ ನನಗೆ ಅರ್ಥವಾಗುತ್ತದೆ.

ಟಿಟ್ವಾಳಾಕ್ಕೆ ತನ್ನದೇ ರಜೆಯೂ ಇದೆ, ಯಾವ ಗೆಜೆಟ್ಟಿನಲ್ಲೂ ಇಲ್ಲದ್ದು. ಸಂಕಷ್ಟಿ ಮಂಗಳವಾರ ಬಿದ್ದರೆ ಅಂಗಾರಕಿ. ಆ ದಿನ ಮುಂಬಯಿಯ ಅರ್ಧ ಭಕ್ತರು ಕಸಾರಾ, ಆಸನಗಾಂವ್ ಲೋಕಲ್‌ಗಳಲ್ಲಿ ನಮ್ಮ ಮಹಾಗಣಪತಿಯ ದರ್ಶನಕ್ಕೆ ಬಂದಿಳಿಯುತ್ತಾರೆ. ಸ್ಟೇಷನ್ನಿನಿಂದ ದೇವಸ್ಥಾನದವರೆಗೆ ರಿಕ್ಷಾಗಳ ಸಾಲು, ಒಂದೂ ನಮಗೆ ಸಿಗುವುದಿಲ್ಲ. ಮಾಘ ಮಾಸದ ಗಣೇಶ ಜಯಂತಿಗೂ ಇದೇ ಪಾಡು. ಕೆಲಸಕ್ಕೆ ಹೋಗುವವರು ಎದುರು ಪ್ರವಾಹದಲ್ಲಿ ಈಜಿಕೊಂಡು ಪ್ಲಾಟ್‌ಫಾರ್ಮ್ ಮುಟ್ಟಬೇಕು. ನಮ್ಮ ಸೊಸೈಟಿಯ ಹಲವರು ಆ ದಿನಕ್ಕೆಂದೇ ಒಂದು ಸಿಎಲ್ ತೆಗೆದಿಡುತ್ತಾರೆ, ಭಕ್ತಿಗಿಂತ ಹೆಚ್ಚಾಗಿ ರಿಕ್ಷಾದ ಕಾರಣಕ್ಕೆ.

2026ರ ಎರಡೂ ಕ್ಯಾಲೆಂಡರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಗಣೇಶ ಚತುರ್ಥಿ ಸೆಪ್ಟೆಂಬರ್ 14, ಎರಡರಲ್ಲೂ ಅದೇ ಸೋಮವಾರ. ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10, ಮತ್ತೆ ಎರಡನೇ ಶನಿವಾರ. ನರಕ ಚತುರ್ದಶಿಯೂ ಲಕ್ಷ್ಮೀಪೂಜೆಯೂ ನವೆಂಬರ್ 8ರ ಭಾನುವಾರವೇ ಕೂಡಿ ಬಂದಿವೆ. ಬಲಿಪಾಡ್ಯಮಿ 10, ಮಂಗಳವಾರ, ಎರಡೂ ರಾಜ್ಯಕ್ಕೆ. ನಡುವಿನ ಸೋಮವಾರಕ್ಕೆ ಮಗ, ಸೊಸೆ ಇಬ್ಬರೂ ಒಂದೊಂದು ರಜೆ ಹಾಕಿದರೆ ಊರಿಗೆ ಹೋಗಿ ಅಮ್ಮನ ಕೈಯಿಂದ ಎಣ್ಣೆ ಹಚ್ಚಿಸಿಕೊಂಡು ಬರಬಹುದು. ಟಿಕೆಟ್ಟಿನ ತಾರೀಕು ಈಗಲೇ ಗುರುತು ಹಾಕಿಟ್ಟಿದ್ದೇನೆ. ಅದರ ಹಿಂದಿನ ಭಾನುವಾರ ನವೆಂಬರ್ 1. ರಾಜ್ಯೋತ್ಸವವನ್ನು ರಾಜ್ಯೋತ್ಸವದ ದಿನವೇ ಮಾಡಬಹುದು, ಯಾರೂ ಸಿಎಲ್ ಹಾಕಬೇಕಿಲ್ಲ. ಡೊಂಬಿವಲಿಯ ಸ್ನೇಹಿತರಿಗೆ ಫೋನು ಮಾಡಿ ಹಾಲ್ ಈಗಲೇ ಹಿಡಿಯಿರಿ ಎಂದೆ. ಹಿಡಿಯೋಣ, ಆದರೆ ಭಾನುವಾರ ಮೆಗಾ ಬ್ಲಾಕ್ ಇದ್ದರೆ ನೀವು ಟಿಟ್ವಾಳಾದಿಂದ ಹೇಗೆ ಬರ್ತೀರಿ, ಅಂದರು.